ಪಲಾಝೊ ವೆಕ್ಕಿಯೊ: ಚಾವಣಿ ನೋಡಿ ಹೊರಟುಬಿಡಬೇಡಿ

ಫ್ಲಾರೆನ್ಸಿಗೆ ಹೋದವರು ಉಫಿಝಿ ಚಿತ್ರಶಾಲೆಯ ಸರತಿಯಲ್ಲೇ ಸುಸ್ತಾಗಿ, ಪಕ್ಕದ ಹಳೆಯ ಆಡಳಿತದ ಅರಮನೆ ಪಲಾಝೊ ವೆಕ್ಕಿಯೊದ ಪುಕ್ಕಟೆ ಅಂಗಳವನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ. 'ದಿ ಪ್ರಿನ್ಸ್' ಬರೆದ ಮ್ಯಾಕಿಯವೆಲ್ಲಿಯನ್ನು ಓದಿದವರು ಟಿಕೆಟ್ ಕೊಂಡು ಒಳಗೆ ಹೋಗಬೇಕು. 1498ರಿಂದ 1512ರವರೆಗೆ ಆತ ಫ್ಲಾರೆನ್ಸ್ ಗಣರಾಜ್ಯದ ನೌಕರನಾಗಿದ್ದದ್ದು ಇಲ್ಲೇ.

ಮೊದಲು ಸಿಗುವುದು ಐನೂರರ ಸಭಾಂಗಣ: ಸುಮಾರು 54 ಮೀಟರ್ ಉದ್ದ, 23 ಮೀಟರ್ ಅಗಲ. 1494ರಲ್ಲಿ ನಗರವನ್ನು ಆಳುತ್ತಿದ್ದ ಮೆಡಿಚಿ ಮನೆತನವನ್ನು ಓಡಿಸಿದ ಮೇಲೆ, ಪಾದ್ರಿ ಸವೊನಾರೋಲನ ಒತ್ತಾಸೆಯಿಂದ ಹುಟ್ಟಿದ ಮಹಾಸಭೆ ಕೂರಲೆಂದು ಇದನ್ನು ಕಟ್ಟಿದರು. 1512ರಲ್ಲಿ ಮೆಡಿಚಿಗಳು ವಾಪಸಾದಾಗ ಇಲ್ಲಿ ಸೈನಿಕರು ಬೀಡುಬಿಟ್ಟರು. ಮುಂದೆ ಅದೇ ಮನೆತನದ ಡ್ಯೂಕ್ ಒಂದನೇ ಕೊಸಿಮೊಗಾಗಿ ಕಲಾವಿದ ವಸಾರಿ ಚಾವಣಿಯನ್ನು ಏಳು ಮೀಟರ್ ಮೇಲೆತ್ತಿದ. ಅದರ ನಟ್ಟನಡುವೆ ಫ್ಲಾರೆನ್ಸ್ ನಗರದ ಸಾಂಕೇತಿಕ ಚಿತ್ರ ಬರಬೇಕಿತ್ತು. ಕೊಸಿಮೊ ಅಲ್ಲಿ ತನ್ನನ್ನೇ ಬರೆಸಿಕೊಂಡ. ಕೆಳಗೆ ನಿಂತು ನೋಡಿದರೆ ಕತ್ತು ನೋಯುವುದಷ್ಟೇ ಲಾಭ. ಎರಡನೇ ಮಹಡಿಯ ಮೊಗಸಾಲೆಯಿಂದ ಚೆನ್ನಾಗಿ ಕಾಣುತ್ತದೆ.

ಗೋಡೆಗಳಲ್ಲಿ ಒಂದು ಕಡೆ ಪೀಸಾ ಯುದ್ಧ, ಇನ್ನೊಂದು ಕಡೆ ಸಿಯೆನಾ ಯುದ್ಧ. ಸಿಯೆನಾ ಬದಿಯ ಹಸಿರು ಬಾವುಟದಲ್ಲಿರುವ 'ಚೆರ್ಕಾ ಟ್ರೋವಾ' (ಹುಡುಕು, ಸಿಗುತ್ತದೆ) ಎಂಬ ಅಕ್ಷರ ಹುಡುಕುತ್ತ, ಗೋಡೆಯ ಹಿಂದೆ ಲಿಯನಾರ್ಡೋನ ಕಳೆದುಹೋದ ಚಿತ್ರದ ರಹಸ್ಯವಿದೆ ಅಂತ ಹೊತ್ತು ಕಳೆಯುವವರೇ ಹೆಚ್ಚು. ಪೀಸಾ ಬದಿಯಲ್ಲಿ ಹೆಚ್ಚು ಹೊತ್ತು ನಿಲ್ಲಿ. 1509ರ ಆ ಗೆಲುವು ಗಣರಾಜ್ಯದ್ದು. ಬಾಡಿಗೆ ಸೈನಿಕರನ್ನು ನಂಬದ ಮ್ಯಾಕಿಯವೆಲ್ಲಿ ಕಟ್ಟಿದ ಸ್ವಂತ ನಾಡಪಡೆಯೂ ಅದರಲ್ಲಿ ದುಡಿದಿತ್ತು. ಇಲ್ಲಿ ಅದು ಡ್ಯೂಕನ ದರ್ಬಾರಿಗೆ ಅಲಂಕಾರ.

ಎರಡನೇ ಮಹಡಿಯ ಲಿಲಿ ಹೂಗಳ ಕೋಣೆಯಲ್ಲಿದೆ ಶಿಲ್ಪಿ ಡೊನಾಟೆಲ್ಲೋನ ಕಂಚಿನ ಜೂಡಿತ್, ಮೂಲಪ್ರತಿ: ಶತ್ರು ಸೇನಾಪತಿಯ ಕತ್ತು ಕತ್ತರಿಸುವ ಬೈಬಲ್ ಕಥೆಯ ಹೆಂಗಸು. ಮೆಡಿಚಿಗಳ ಮನೆಯಲ್ಲಿದ್ದಾಗ ಇದು ಗರ್ವಭಂಗದ ನೀತಿಪಾಠ. 1495ರಲ್ಲಿ ಜನ ಇದನ್ನು ಹೊತ್ತು ತಂದು ಅರಮನೆಯ ಬಾಗಿಲೆದುರು ಇಟ್ಟು, ನಾಡಿನ ಕ್ಷೇಮಕ್ಕೆ ಮಾದರಿ ಎಂದು ಕೆತ್ತಿಸಿದರು. ವಿಗ್ರಹ ಅದೇ, ಕತ್ತು ಯಾರದೆಂಬುದಷ್ಟೇ ಬದಲಾಯಿತು.

ಪಕ್ಕದ ಪುಟ್ಟ ಕೋಣೆಯೇ ಮ್ಯಾಕಿಯವೆಲ್ಲಿಯ ಕಚೇರಿ. ಅವಸರದಲ್ಲಿ ದಾಟಿಬಿಡುವುದು ಸುಲಭ. ಅಲ್ಲಿರುವ ಸಾಂತಿ ದಿ ತೀತೋನ ಪ್ರಸಿದ್ಧ ಭಾವಚಿತ್ರ ಎದುರು ಕೂರಿಸಿ ಬರೆದದ್ದಲ್ಲ: ಮ್ಯಾಕಿಯವೆಲ್ಲಿ ತೀರಿಕೊಂಡದ್ದು 1527ರಲ್ಲಿ, ಕಲಾವಿದ ಹುಟ್ಟಿದ್ದು 1536ರಲ್ಲಿ. ಆ ತುಟಿಯಂಚಿನ ನಗೆ ನೋಡಿ ಆಸಾಮಿಯ ಸ್ವಭಾವ ಅಳೆಯಬೇಡಿ.

ಗುರುವಾರ ಮಧ್ಯಾಹ್ನ 2ಕ್ಕೇ ಬಾಗಿಲು ಹಾಕುತ್ತಾರೆ. ಗೋಪುರಕ್ಕೆ ಬೇರೆ ಟಿಕೆಟ್, ಮಳೆ ಬಂದರೆ ಅದೂ ಬಂದ್. ಹೊರಬಂದ ಮೇಲೆ ಚೌಕದಲ್ಲಿ ನೆಪ್ಚೂನ್ ಕಾರಂಜಿಯ ಬಳಿ ನೆಲದ ಮೇಲಿನ ದುಂಡುಕಲ್ಲನ್ನು ಹುಡುಕಿ. 1498ರ ಮೇ 23ರಂದು ಸವೊನಾರೋಲನನ್ನು ನೇಣುಹಾಕಿ ಸುಟ್ಟ ಜಾಗ ಅದು. ಅದಾಗಿ ತಿಂಗಳೊಳಗೆ ಮ್ಯಾಕಿಯವೆಲ್ಲಿಗೆ ಮೇಲಿನ ಆ ಕೋಣೆಯ ನೌಕರಿ ಸಿಕ್ಕಿತು.