ಹದಿನೇಳು ತಾಸು ಅಂದ, ಅವ್ವನಿಗೆ ಇಪ್ಪತ್ತೊಂಬತ್ತೂವರೆ ತಾಸು ಹಿಡಿಯಿತು

ಕಲಬುರಗಿಯಲ್ಲಿ ಯಾರಾದರೂ ಅಪ್ಪ ಅವ್ವನನ್ನು ಅಮೆರಿಕಕ್ಕೆ ಕಳಿಸುವವರಿದ್ದರೆ ದಯವಿಟ್ಟು ಇದನ್ನು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೂ ಬರೀತಿದ್ದೇನೆ.

ತಂಗಿಯ ಬಾಣಂತನಕ್ಕೆ ಅವ್ವ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಬೇಕಿತ್ತು. 66 ವರ್ಷ, ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಏಜೆಂಟ್‌ಗೆ ನಾನು ಹೇಳಿದ್ದು ಒಂದೇ ಮಾತು, ದುಡ್ಡು ಸ್ವಲ್ಪ ಜಾಸ್ತಿ ಆದರೂ ಸರಿ, ಪ್ರಯಾಣ ಕಡಿಮೆ ಇರಲಿ. ಆತ ಒಂದು ಸ್ಕ್ರೀನ್‌ಶಾಟ್ ತೋರಿಸಿದ. ಹೈದರಾಬಾದ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 13,500 ಕಿ.ಮೀ., ಹದಿನೈದೂವರೆ ಗಂಟೆ. ಆಮೇಲೆ ಟಿಕೆಟ್. ಬೆಳಗಿನ ಜಾವ 4ಕ್ಕೆ ಹೊರಟು ಅದೇ ದಿನ ರಾತ್ರಿ 9ಕ್ಕೆ ಇಳಿಯುವುದು. "ನೋಡ್ರಿ ಸರ, ಬರೇ ಹದಿನೇಳ ತಾಸು. ದುಬೈದಾಗ ಸ್ವಲ್ಪ ನಿಂತು ಹೋಗ್ತದ." ನಾನೂ ಬೆರಳಲ್ಲಿ ಎಣಿಸಿದೆ. ಹೌದು, ಹದಿನೇಳು. ವೀಲ್‌ಚೇರ್ ಕೇಳಿದರೆ "ಏನ್ ಬ್ಯಾಡ ಬಿಡ್ರಿ" ಅಂದ. ದುಡ್ಡು ಕಟ್ಟಿ ಬಂದೆ.

ಹಿಂದಿನ ಸಂಜೆ 6ಕ್ಕೇ ಕಾರಿನಲ್ಲಿ ಹೈದರಾಬಾದ್‌ಗೆ ಹೊರಟೆವು. ಕೈಚೀಲದಲ್ಲಿ ಒಂದು ಹೊತ್ತಿನ ಗುಳಿಗೆ, ನಾಲ್ಕು ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಉಳಿದ ಗುಳಿಗೆ ಎಲ್ಲಾ ದೊಡ್ಡ ಸೂಟ್‌ಕೇಸ್‌ನಲ್ಲಿ. ಹದಿನೇಳು ತಾಸು ತಾನೆ!

ಮರುದಿನ ರಾತ್ರಿ 9ಕ್ಕೆ ಸರಿಯಾಗಿ ತಂಗಿಗೆ ಫೋನ್ ಮಾಡಿದೆ. ಅವ್ವ ಇಳಿದ್ಲಾ? ಒಂದು ಕ್ಷಣ ಸುಮ್ಮನಿದ್ದಳು. "ಅಣ್ಣಾ, ಇಲ್ಲಿ ಈಗ ಬೆಳಿಗ್ಗೆ ಎಂಟೂವರೆ. ಅವ್ವ ದುಬೈ ಬಿಟ್ಟೇ ಮೂರೂವರೆ ಗಂಟೆ ಆಗಿದೆ." ಕುಂತಲ್ಲೇ ಬೆವರು ಬಂತು. ಇಳಿಯುವ 9 ಗಂಟೆ ಅಲ್ಲಿನದು, ನಮ್ಮದಲ್ಲ. ಬೇಸಿಗೆಯಲ್ಲಿ ಆ ಊರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ದಿನಾ ತಂಗಿಗೆ ಫೋನ್ ಮಾಡುವವನು ನಾನು, ನನಗೇ ಹೊಳೆಯಲಿಲ್ಲ ಅಲ್ವಾ! ದುಬೈಗೆ 4 ಗಂಟೆ, ಅಲ್ಲಿ ಕಾಯೋದು ಒಂಬತ್ತೂವರೆ, ಅಲ್ಲಿಂದ 16. ಇಪ್ಪತ್ತೊಂಬತ್ತೂವರೆ! ಮನೆ ಬಿಟ್ಟಾಗಿನಿಂದ ಲೆಕ್ಕ ಹಾಕಿದರೆ ನಲವತ್ತರ ಹತ್ತಿರ. "ಸ್ವಲ್ಪ ನಿಂತು" ಅಂದರೆ ಒಂಬತ್ತೂವರೆ ತಾಸು!

ಏಜೆಂಟ್‌ಗೆ ಫೋನ್ ಮಾಡಿ ಬೈದೆ. "ನಾ ಎಲ್ಲಿ ಸುಳ್ಳ ಹೇಳೀನ್ರಿ? ದೂರ ಅಷ್ಟೇ ಅದ, ಗೂಗಲ್ ಮಾಡ್ರಿ." ಆ ಹದಿನೈದೂವರೆ ಏನು ಗೊತ್ತಾ? ಭೂಮಿ ಮೇಲೆ ಅತಿ ಹತ್ತಿರದ ದಾರಿ ಎಳೆದು, ಗಂಟೆಗೆ 900 ಕಿ.ಮೀ. ಅಂತ ಭಾಗಿಸಿ, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸಿದ ಲೆಕ್ಕ. ಹಾಗೆ ಹಾರುವ ವಿಮಾನವೇ ಹೈದರಾಬಾದ್‌ನಿಂದ ನಮಗೆ ಇರಲಿಲ್ಲ. 2021ರಲ್ಲಿ ಬೆಂಗಳೂರಿನಿಂದ ನೇರ ವಿಮಾನ ಶುರುವಾದಾಗ ಅದಕ್ಕೇ ಸುಮಾರು 16-17 ಗಂಟೆ ಬೇಕಿತ್ತು, ಇನ್ನು ದುಬೈ ಸುತ್ತಿದರೆ? ಇದನ್ನೇ ಕೇಳಿದರೆ "ಟಿಕೆಟ್ ಮ್ಯಾಲ ಲೋಕಲ್ ಟೈಮ್ ಅಂತ ಬರ್ದದಲ್ರಿ" ಅಂದ. ಕೊನೆಗೆ, "ಅವ್ವಾರು ಹುಷಾರಾಗಿ ಮುಟ್ತಾರ ಬಿಡ್ರಿ, ಮತ್ತೇನ್ ಬೇಕ್ರಿ?"

ಮುಟ್ಟಿದಳು, ಕಾಲು ಬಾತುಕೊಂಡು. ದುಬೈನಲ್ಲಿ ಗುಳಿಗೆ ಇಲ್ಲದೆ ರೊಟ್ಟಿ ಹಿಂಡಿ ತಿಂದು ಬೆಂಚಿನ ಮೇಲೆ ಕುಂತಿದ್ದಳಂತೆ.

ನೀವು ಟಿಕೆಟ್ ತೆಗೆಸುವಾಗ ಹೊರಡುವ ಹೊತ್ತು, ಇಳಿಯುವ ಹೊತ್ತು ಕಳೆದು ಕೂರಬೇಡಿ. ಒಟ್ಟು ಎಷ್ಟು ತಾಸು, ನಡುವೆ ಎಷ್ಟು ಕಾಯಬೇಕು, ಬರೆದು ಕೊಡು ಅನ್ನಿ. ಗುಳಿಗೆ ಕೈಚೀಲದಲ್ಲೇ ಇರಲಿ.

ವಾಪಸ್ ಟಿಕೆಟೂ ಅವನೇ ತೆಗೆಸಿದ್ದು. ಈಗ ನೋಡಿದರೆ ಅದರಲ್ಲಿ ದುಬೈನಲ್ಲಿ ಹನ್ನೊಂದು ತಾಸು. ಬದಲಿಸಿ ಕೊಡು ಅಂತ ಮೆಸೇಜ್ ಹಾಕಿ ನಾಲ್ಕು ದಿನ ಆಯ್ತು. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.