ಬ್ಯಾಚ್ ಲೆಕ್ಕವನ್ನೇ ನಿರಂತರ ಟ್ಯಾಂಕಿಗೆ ಅಂಟಿಸುವವರ ಬಗ್ಗೆ ಎಚ್ಚರ

ಬ್ಯಾಚ್ ರಿಯಾಕ್ಟರನ್ನು (ಒಮ್ಮೆಗೆ ತುಂಬಿಸಿ, ರಾಸಾಯನಿಕ ಕ್ರಿಯೆ ಮುಗಿದ ಮೇಲೆ ಬರಿದು ಮಾಡುವ ಟ್ಯಾಂಕು) ನಿರಂತರ ರಿಯಾಕ್ಟರಾಗಿ (ದ್ರವ ಒಳಬರುತ್ತಾ ಹೊರಹೋಗುತ್ತಲೇ ಇರುವ ಟ್ಯಾಂಕು) ಮಾರ್ಪಡಿಸಿಕೊಡುತ್ತೇವೆ ಎಂದು ಬರುವವರ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಇದನ್ನು ಓದಿ. ನಮ್ಮ ಘಟಕಕ್ಕೆ ಬಂದ ಸಲಹೆಗಾರರ ಮಾತು ಕೇಳಲು ಸೊಗಸಾಗಿತ್ತು. ಟ್ಯಾಂಕು ಅದೇ ಇರಲಿ, ತುಂಬಿಸುವ, ಬರಿದು ಮಾಡುವ, ತೊಳೆಯುವ ಸಮಯ ಉಳಿಯುತ್ತದೆ. ಒಂದು ಬ್ಯಾಚಿಗೆ ಬೇಕಾಗುವಷ್ಟೇ ಹೊತ್ತು ದ್ರವ ಸರಾಸರಿ ಒಳಗಿರುವಂತೆ ಹರಿವನ್ನು ಹೊಂದಿಸಿದರೆ ಹಿಂದಿನ ಶೇ. 99 ಪರಿವರ್ತನೆಯೇ (ಕಚ್ಚಾವಸ್ತುವಿನಲ್ಲಿ ಕ್ರಿಯೆಗೊಳಗಾಗುವ ಪಾಲು) ಸಿಗುತ್ತದೆ ಎಂದರು. ಸಿಕ್ಕಿದ್ದು ಶೇ. 82ರ ಆಸುಪಾಸು.

ಮೊದಲು ಆರೋಪ ಬಿದ್ದದ್ದು ಕಲಕುವ ಯಂತ್ರದ ಮೇಲೆ. ವೇಗ ಹೆಚ್ಚಿಸಿದರು, ಹೊಸ ರೆಕ್ಕೆ ಹಾಕಿಸಿದರು. ಏನೂ ಬದಲಾಗಲಿಲ್ಲ, ಬದಲಾಗುವಂತೆಯೂ ಇರಲಿಲ್ಲ. ಒಳಬಂದದ್ದು ಕ್ಷಣದಲ್ಲೇ ಬೆರೆತುಹೋಗುವುದೇ ಇಲ್ಲಿನ ತೊಡಕು! ಹೀಗೆ ಪೂರ್ತಿ ಬೆರೆಯುವ ಆದರ್ಶ ಕಲಕು ಟ್ಯಾಂಕಿನ ತುಂಬ ಇರುವುದು ಹೊರಹೋಗುವ ದ್ರವದ ಸಾರತೆಯೇ (ದ್ರವದಲ್ಲಿ ಕಚ್ಚಾವಸ್ತು ಎಷ್ಟು ದಟ್ಟವಾಗಿದೆ ಎಂಬ ಅಳತೆ). ಸಾರತೆ ಇಳಿದಷ್ಟೂ ನಮ್ಮ ಕ್ರಿಯೆ ನಿಧಾನ, ಎಂದರೆ ಅದು ಸದಾ ತನ್ನ ಅತಿ ನಿಧಾನದ ದರದಲ್ಲಿ ನಡೆಯುತ್ತದೆ. ಬ್ಯಾಚಿನಲ್ಲಾದರೋ ಅದು ಪೂರ್ಣ ಸಾರತೆಯಿಂದ ಹೊರಟು ಕೊನೆಯಲ್ಲಷ್ಟೇ ನಿಧಾನವಾಗುತ್ತದೆ. ಜೊತೆಗೆ, ‘ಸರಾಸರಿ’ ಎಂಬುದು ಮೋಸದ ಲೆಕ್ಕ: ಒಳಬಂದ ದ್ರವದಲ್ಲಿ ಶೇ. 63ರಷ್ಟು ಆ ಸರಾಸರಿ ಅವಧಿಗೆ ಮುಂಚೆಯೇ ಹೊರಬೀಳುತ್ತದೆ, ಶೇ. 13ಕ್ಕೂ ಹೆಚ್ಚು ಭಾಗ ಅದರ ಇಮ್ಮಡಿಗಿಂತ ಹೆಚ್ಚು ಹೊತ್ತು ಒಳಗೇ ಸುತ್ತುತ್ತಿರುತ್ತದೆ.

ನಮ್ಮದು ಪ್ರಥಮ ದರ್ಜೆಯ ಕ್ರಿಯೆ, ಅಂದರೆ ಸಾರತೆ ಅರ್ಧವಾದರೆ ವೇಗವೂ ಅರ್ಧ. ಬ್ಯಾಚಿನಲ್ಲಿ ಶೇ. 99 ತಲುಪಲು ದರ ಸ್ಥಿರಾಂಕ (ಕ್ರಿಯೆ ಎಷ್ಟು ಚುರುಕು ಎಂದು ಹೇಳುವ ಸಂಖ್ಯೆ) ಮತ್ತು ಸಮಯದ ಗುಣಲಬ್ಧ 4.6 ಆಗಬೇಕು. ಅದೇ 4.6 ಅನ್ನು ಕಲಕು ಟ್ಯಾಂಕಿನ ಸೂತ್ರಕ್ಕೆ (ಗುಣಲಬ್ಧವನ್ನು, ಅದಕ್ಕೆ ಒಂದು ಕೂಡಿಸಿದ ಸಂಖ್ಯೆಯಿಂದ ಭಾಗಿಸುವುದು) ಹಾಕಿದರೆ 4.6 ಭಾಗಿಸು 5.6, ಅಂದರೆ ಶೇ. 82. ಶೇ. 99 ಬೇಕೆಂದರೆ ಆ ಗುಣಲಬ್ಧ 99 ಆಗಬೇಕು, ಇಪ್ಪತ್ತೊಂದು ಪಟ್ಟಿಗೂ ಹೆಚ್ಚು ದೊಡ್ಡ ಟ್ಯಾಂಕು! ಲಕೋಟೆಯ ಹಿಂಬದಿಯಲ್ಲಿ ಮಾಡಬಹುದಾದ ಲೆಕ್ಕವಿದು. ಅವರ ದಪ್ಪ ವರದಿಯಲ್ಲಿ ಇದೊಂದೇ ಇರಲಿಲ್ಲ.

ಆಮೇಲೆ ತಾಪ ಏರಿಸಲು ಹೇಳಿದ್ದು ಗಾಯದ ಮೇಲೆ ಬರೆ. ನಮಗೆ ಬೇಕಾದ ವಸ್ತು ಹೆಚ್ಚು ಹೊತ್ತು ಒಳಗುಳಿದರೆ ತಾನೇ ಒಡೆದುಹೋಗುವಂಥದ್ದು. ಇಂಥ ಸರಣಿ ಕ್ರಿಯೆಯಲ್ಲಿ ಎರಡೂ ಹಂತಗಳ (ವಸ್ತು ಉಂಟಾಗುವುದು, ಒಡೆಯುವುದು) ದರ ಸ್ಥಿರಾಂಕ ಸಮವಾಗಿದ್ದರೆ, ಬ್ಯಾಚಿನಲ್ಲಿ ಹೆಚ್ಚೆಂದರೆ ಶೇ. 36.8 ಇಳುವರಿ ಸಿಗುವಲ್ಲಿ ಕಲಕು ಟ್ಯಾಂಕು ಕೊಡುವುದು ಶೇ. 25 ಮಾತ್ರ. ತಾಪ ಏರಿಸಿದಾಗ ಪರಿವರ್ತನೆ ತುಸು ಮೇಲೇರಿತು, ಕಸವೂ ಏರಿತು.

ಕಲಕು ಟ್ಯಾಂಕೇ ಕೆಟ್ಟದ್ದು ಎನ್ನುತ್ತಿಲ್ಲ. ಶೂನ್ಯ ದರ್ಜೆಯ, ಅಂದರೆ ಸಾರತೆಗೆ ತಕ್ಕಂತೆ ವೇಗ ಬದಲಾಗದ ಕ್ರಿಯೆಗೆ ಈ ವ್ಯತ್ಯಾಸವೇ ಇಲ್ಲ. ಬಿಸಿ ಉಗುಳುವ ಕ್ರಿಯೆಗಳಲ್ಲಿ ತಾಪವನ್ನು ಎಲ್ಲೆಡೆ ಒಂದೇ ಸಮ ಇಡಲು ಅದು ಅನುಕೂಲ. ದ್ರವ ಕೊಳವೆಯಲ್ಲಿ ಸಾಗುತ್ತಲೇ ಕ್ರಿಯೆ ನಡೆಯುವ ಕೊಳವೆ ರಿಯಾಕ್ಟರಿನಲ್ಲಿ ಒಂದೆಡೆ ತಾಪ ಏರಿ ಕುಳಿತರೆ ಹಿಡಿಯುವುದು ಕಷ್ಟ. ಆದರೆ ಆದರ್ಶ ಕೊಳವೆಯಲ್ಲಿ ಪ್ರತಿ ಹನಿಯೂ ಒಂದೇ ಹೊತ್ತು ಇರುವುದರಿಂದ ಬ್ಯಾಚಿನ ಲೆಕ್ಕ ಅಲ್ಲಿಗೆ ಹೊಂದುತ್ತದೆ, ಇಲ್ಲಿಗೆ ಅಲ್ಲ.

ಈಗ ಅದೇ ಸಲಹೆಗಾರರು ಇಂಥದ್ದೇ ಇನ್ನೊಂದು ಟ್ಯಾಂಕನ್ನು ಸಾಲಿಗೆ ಜೋಡಿಸಿ ಎನ್ನುತ್ತಿದ್ದಾರೆ. ಅದೇ ಹರಿವಿಗೆ ಎರಡು ಟ್ಯಾಂಕು ಕೊಡುವುದು ಶೇ. 96.8; ಶೇ. 99 ದಾಟಲು ಮೂರನೆಯದೂ ಬೇಕು. ನಿಮ್ಮಲ್ಲಿಗೆ ಬಂದರೆ ಮುಂಗಡ ಕೊಡುವ ಮೊದಲು ಕ್ರಿಯೆಯ ದರ್ಜೆ, ದರ ಸ್ಥಿರಾಂಕ ಮತ್ತು ನಿರಂತರ ಸ್ಥಿತಿಯಲ್ಲಿ ಹೊರಬರುವ ಸಾರತೆ, ಈ ಮೂರನ್ನೂ ಲಿಖಿತವಾಗಿ ಕೇಳಿ ಪಡೆಯಿರಿ.