ಬೀದರ ಕೋಟೆ, ಅಷ್ಟೂರ ಗುಂಬಜ್: ಮಕ್ಕಳ ಜೋಡಿ ಮಾಡಿದ ಅರ್ಧ ದಿನದ ಟ್ರಿಪ್ ಹೆಂಗಿತ್ತು

ಹೋದ ಐತಾರ ಕಲಬುರಗಿಯಿಂದ ಬೀದರಕ ಹೋಗಿದ್ವಿ, ನಾನು, ನಮ್ಮ ಮನಿಯವರು, ಮೂರನೇ ಕ್ಲಾಸಿನ ಮಗಳು, ಎಂಟನೇ ಕ್ಲಾಸ್ ಓದೋ ಅಕ್ಕನ ಮಗ. ಗಾಡಿ, ಗೈಡ್ ಎರಡೂ ಕೂಡಿಸಿ ಅರ್ಧ ದಿನ ತೋರಿಸ್ತೀವಿ ಅನ್ನೋರ ನಂಬರ್ ಸಿಕ್ಕಿತ್ತು, 2,200 ರೂಪಾಯಿಗಿ ಮಾತಾಡಿದ್ವಿ. ಅವರ ಹೆಸರು ಬರೆಯಲ್ಲ, ಯಾರ ಹೊಟ್ಟಿ ಮ್ಯಾಲೂ ಹೊಡೆಯೋದು ನಂಗ ಬ್ಯಾಡ. ಆದ್ರ ಹೆಂಗಿತ್ತು ಅಂತ ಹೇಳಲೇಬೇಕು, ಯಾಕಂದ್ರ ಇಂಥ ಟ್ರಿಪ್ಪಿಗೆ ಸಾಲಿ ಮಕ್ಕಳನ್ನ ಕಳಸೋರು ಭಾಳ ಮಂದಿ ಅದಾರ.

ಗಾಡಿ ಒಂದು ತಾಸು ತಡಾ ಬಂತು, ಅದು ಹೋಗ್ಲಿ ಬಿಡ್ರಿ. ಗೈಡ್ ಹುಡುಗ ಮಾತಿಗಿ ಛಲೋ ಇದ್ದ, ಆದ್ರ ಕೋಟಿ ಒಳಗ ಹೋದ ಕೂಡ್ಲೇ ಇಲ್ಲಿಂದ ಗೋಲ್ಕೊಂಡಾತನಕ ಸುರಂಗ ಅದ, ಅಲ್ಲಿ ನಿಧಿ ಅದ ಅಂತ ಶುರು ಮಾಡಿದ. ಇಲ್ಲಿ ಯಾರು ಇದ್ರು, ಯಾವಾಗ ಬಂದ್ರು, ಯಾಕ ಬಂದ್ರು ಅಂತ ಒಂದು ಮಾತಿಲ್ಲ, ಬರೀ "ಇಲ್ಲಿ ನಿಂತ್ರ ಫೋಟೋ ಮಸ್ತ್ ಬರ್ತದ್ರಿ". ನನಗ ತಡಿಲಿಲ್ಲ, ನಾನೇ ಮಕ್ಕಳನ್ನ ಕೂಡಿಸಿಕೊಂಡು ಹೇಳ್ಲಿಕ್ಕೆ ಹತ್ತಿದೆ.

ನಾ ಹೇಳಿದ್ದು ಇಷ್ಟೇ. ಇದು ಒಂದು ಮನಿತನದ ಮನಿ ನೋಡ್ರಿ. 1347ರಾಗ ಅಲಾವುದ್ದೀನ್ ಹಸನ್ ಅನ್ನಾಂವ ನಮ್ಮ ಕಲಬುರಗಿಯೊಳಗ ಬಹಮನಿ ರಾಜ್ಯ ಕಟ್ಟಿದ. ಮುಂದ ಅದೇ ಮನಿತನದ ಅಹ್ಮದ್ ಶಾಹ 1422ರಾಗ ಪಟ್ಟಕ್ಕ ಬಂದು, ರಾಜಧಾನಿನೇ ಕಲಬುರಗಿಯಿಂದ ಬೀದರಕ ಎತ್ತಿ ಇಟ್ಟ. ಹೊಸಾ ಊರಿಗಿ ಬಂದು ಹೊಸಾ ಮನಿ ಕಟ್ಟಿದವರು ಇವರು, ಆಮ್ಯಾಲೆ ಆ ಮನಿತನದವರೆಲ್ಲ ಮಣ್ಣಾಗಿದ್ದು ಮೂರು ಕಿಲೋಮೀಟರ್ ಆಚೆ ಅಷ್ಟೂರದಾಗ. ಮನಿ ಇಲ್ಲಿ, ಗೋರಿ ಅಲ್ಲಿ, ಎರಡೂ ಉಳದಾವ. ಇಷ್ಟು ಹೇಳಿದ್ದೇ ತಡ ಅಕ್ಕನ ಮಗ ಮೊಬೈಲ್ ಕಿಸೆದಾಗ ಇಟ್ಟು ಕೇಳ್ಲಿಕ್ಕೆ ಹತ್ತಿದ.

ಕೋಟಿ ಬಗ್ಗೆ ಎಲ್ಲಾ ಬರೆಯಲ್ಲ, ಒಂದು ರಂಗೀನ್ ಮಹಲ್ ಹೇಳ್ತೀನಿ. ಕೀಲಿ ತೆಗೆಸಿ ತೋರಿಸ್ತಾರ, ಕೇಳ್ಬೇಕು ಅಷ್ಟೇ, ನಮ್ಮ ಗೈಡ್ ಕೇಳೇ ಇರ್ಲಿಲ್ಲ. ಒಳಗ ಕರಿಕಲ್ಲಿನ್ಯಾಗ ಮುತ್ತಿನ ಚಿಪ್ಪು ಕೂಡಿಸ್ಯಾರ, ಬಳ್ಳಿ, ಹೂವು, ಅಕ್ಷರ, ಬೆಳಕು ಬಿದ್ದಂಗ ಒಮ್ಮೆ ಬೆಳ್ಳಗ ಒಮ್ಮೆ ಗುಲಾಬಿ ಹೊಳೀತಾವ. ಇದು ಬಹಮನಿಯವರ ನಂತರದ ಕೆಲಸ, ಅವರ ಆಮ್ಯಾಲೆ ಬೀದರ ಆಳಿದ ಬರೀದಶಾಹಿ ಮನಿತನದ ಅಲಿ ಬರೀದ್ ಕಾಲದ್ದು. ಅಕ್ಕನ ಮಗ "ಕಾಕಿ ಇದು ಬಿದರಿ ಹೂಜಿ ಇದ್ದಂಗ ಅದಲ್ಲ" ಅಂದ, ಖರೇನೇ, ಬಿದರಿ ಅಂದ್ರ ಕರೀ ಲೋಹದಾಗ ಬೆಳ್ಳಿ ಕೂಡಿಸೋ ಬೀದರದ ಕಸಬು, ಅದೂ ಹಿಂಗೇ ಕರೀ ಮೈಯಾಗ ಬಿಳೀ ಬಳ್ಳಿ. ಬಿದರಿ ಸಾಮಾನು ಕರ್ರಗ ಆಗ್ಲಿಕ್ಕೆ ಹಚ್ಚೋ ಮಣ್ಣು ಇದೇ ಕೋಟಿದು, ಅದಕ್ಕ ನವಸಾಗರ ಕೂಡಿಸ್ತಾರ ಅಂತ ನಾ ಹೇಳಿದ ಮ್ಯಾಲ ಆ ಹುಡುಗ ಬಗ್ಗಿ ಒಂದು ಚಿಟಿಕಿ ಮಣ್ಣು ಮುಟ್ಟಿ ನೋಡಿದ.

ಈಗ ಅಷ್ಟೂರ. ಹಾದಿಯಾಗ ಚೌಖಂಡಿ ಬರ್ತದ, ಇರಾನಿನ ಕಿರ್ಮಾನದಿಂದ ಬಂದ ಸೂಫಿ ಖಲೀಲುಲ್ಲಾ ಅವರ ಗೋರಿ, ಎಂಟು ಮೂಲಿ ಕಟ್ಟಡ, ಬಾಗಿಲ ಮ್ಯಾಲ ಕರಿಕಲ್ಲಿನ ಅಕ್ಷರ ನೋಡಿದ್ರ ಕಲ್ಲಿನ್ಯಾಗ ಕೊರೆದದ್ದು ಅನ್ಸೋದಿಲ್ಲ, ಲೇಖನಿ ಹಿಡದು ಬರದಂಗ ಅದ. ಗಾಡಿ ನಿಲ್ಲಸವಲ್ಲ, ನಾವೇ ಜಬರ್ದಸ್ತಿ ನಿಲ್ಲಿಸಿದ್ವಿ. ಅಷ್ಟೂರ ಮುಟ್ಟಿದ ಮ್ಯಾಲ ಗೈಡ್ ಅಂದ, "ಇಲ್ಲಿ ಏನಿಲ್ರಿ ಅಕ್ಕಾರ, ಬರೀ ಗೋರಿ ಅವ, ಹತ್ತು ಮಿನಿಟಿನ್ಯಾಗ ಮುಗಸ್ರಿ."

ನನಗ ಸಿಟ್ಟು ಬಂದಿದ್ದು ಈ ಮಾತಿಗಿ. ಎರಡು ತಾಸು ಕೊಟ್ರೂ ಸಾಲದ ಜಾಗ ಅದು.

ನಮ್ಮ ಪುಣ್ಯಾಕ ಅಹ್ಮದ್ ಶಾಹನ ಗುಂಬಜದ ಕಡೆ ಒಬ್ಬರು ಹಿರಿಯರು ಇದ್ರು, ದಿನಾ ಅಲ್ಲೇ ಇರ್ತಾರಂತ. ಒಳಗ ಕತ್ತಲಿ, ನಾವು ಮೊಬೈಲ್ ಲೈಟ್ ಹಾಕ್ಲಿಕ್ಕೆ ಹೋದ್ವಿ, "ಬ್ಯಾಡವ್ವ, ತಡೀ" ಅಂತಂದು ಬಾಗಿಲ ಹೊರಗ ಬಿಸಲಾಗ ಒಂದು ಕನ್ನಡಿ ಹಿಡದು ನಿಂತ್ರು. ಬಿಸಲು ಕನ್ನಡಿಗಿ ಬಡದು ಒಳಗ ಹೊಕ್ಕು ಗ್ವಾಡಿ ಮ್ಯಾಲಿಂದ ಹಂಗೇ ಮ್ಯಾಲ ಮ್ಯಾಲ ಏರ್ಲಿಕ್ಕೆ ಹತ್ತಿತು, ಬೆಳಕು ಹೋದಲ್ಲೆಲ್ಲ ಬಂಗಾರದ ಬಣ್ಣದ ಅಕ್ಷರ, ಕೆಂಪು, ನೀಲಿ, ಒಂದು ಗೇಣು ಜಾಗ ಖಾಲಿ ಬಿಟ್ಟಿಲ್ಲ ಅವರು. ಸುಮಾರು ಆರು ನೂರು ವರ್ಷದ ಬಣ್ಣ. ಮಗಳು ಕುತ್ತಿಗಿ ಎತ್ತಿದಾಕಿ ಇಳಸಲೇ ಇಲ್ಲ, ಗ್ವಾಡಿಗಿ ಕೈ ಹಚ್ಚಲಿಕ್ಕೆ ಹೋದ್ಲು, ಹಿರಿಯರು ಸಾವಕಾಶ ಅಂದ್ರು, "ಕಣ್ಣೀಲೆ ನೋಡವ್ವ, ಕೈ ಬೆವರು ಹತ್ತಿದ್ರ ಬಣ್ಣ ಹೋಗ್ತದ." ಅರ್ಧ ದಿನದಾಗ ಮಕ್ಕಳಿಗಿ ಖರೇ ಪಾಠ ಆಗಿದ್ದು ಆ ಕನ್ನಡಿ ಮುಂದ.

ಅವರೇ ಹೇಳಿದ್ರು, ಹೋಳಿ ಆದ ಮ್ಯಾಲ ಇಲ್ಲಿ ಜಾತ್ರಿ ಆಗ್ತದ, ನಮ್ಮ ಕಲಬುರಗಿ ಜಿಲ್ಲಾದ ಮಾಡಿಯಾಳದಿಂದ ಜಂಗಮರು ಬರ್ತಾರ, ಮುಸಲ್ಮಾನರಿಗಿ ಅಹ್ಮದ್ ಶಾಹ ವಲಿ, ಅಂದ್ರ ಸಂತ, ಲಿಂಗಾಯತ ಮಂದಿಗಿ ಅಲ್ಲಮಪ್ರಭು. ಮಾಡಿಯಾಳ ಹೆಸರು ಕೇಳಿದವಳು ನಾನು, ಈ ಸಂಬಂಧ ಗೊತ್ತೇ ಇರ್ಲಿಲ್ಲ.

ಆಮ್ಯಾಲೆ ಗುಂಬಜಗಳ ಸಾಲು ಹಿಡದು ನಡಕೋತ ಹೋದ್ವಿ, ನೀವೂ ಹಂಗೇ ಹೋಗ್ರಿ, ಅಪ್ಪ ಆದ ಮ್ಯಾಲ ಮಗ, ಮಗ ಆದ ಮ್ಯಾಲ ಮೊಮ್ಮಗ, ತಪ್ಪಿಸಬ್ಯಾಡ್ರಿ. ಅಹ್ಮದ್ ಶಾಹನ ಮಗ ಅಲಾವುದ್ದೀನನ ಗುಂಬಜದ ಮುಂದ ನೀಲಿ ಟೈಲ್ಸ್ ಇನ್ನಾ ಒಂದಿಷ್ಟು ಉಳದಾವ. ಅವನ ಮಗ ಹುಮಾಯೂನ್, ಕ್ರೂರಿ ಅಂತ ಹೆಸರಾದಾಂವ, ಅವನ ಗುಂಬಜಕ್ಕ ಸಿಡಿಲು ಬಡದು ಅರ್ಧಾ ಬಿದ್ದದ, ಕಲ್ಲಂಗಡಿ ಹೆಚ್ಚಿದಂಗ, ಗುಂಬಜದ ದಪ್ಪ ಎಷ್ಟಿರ್ತದ, ಒಳಗ ಏನು ತುಂಬಿರ್ತಾರ ಅನ್ನೋದು ಬರೀಗಣ್ಣಿಗಿ ಕಾಣ್ತದ. ಕಟ್ಟಡ ಹೆಂಗ ಕಟ್ತಾರ ಅಂತ ಮಕ್ಕಳಿಗಿ ತೋರಿಸ್ಲಿಕ್ಕೆ ಇದಕಿಂತ ಛಲೋ ಜಾಗ ನಾ ಕಂಡಿಲ್ಲ. ಅವನ ಮಗ ನಿಜಾಮ್ ಶಾಹ ಪಟ್ಟಕ್ಕ ಬಂದಾಗ ಎಂಟು ವರ್ಷದ ಕೂಸು, ಎರಡು ವರ್ಷಕ್ಕ 1463ರಾಗ ತೀರಿಕೊಂಡ, ಗೋರಿ ಕಟ್ಟೋದು ಅರ್ಧಕ್ಕೇ ನಿಂತದ, ಮ್ಯಾಲ ಗುಂಬಜೇ ಇಲ್ಲ. ನನ್ನ ಮಗಳಿಗೂ ಎಂಟೇ ವರ್ಷ. ಆಕಿ ಅಲ್ಲಿ ಭಾಳ ಹೊತ್ತು ನಿಂತ್ಲು, ಏನೂ ಮಾತಾಡಲಿಲ್ಲ.

ಕಡೀಕ ಬರೋ ವಲಿಯುಲ್ಲಾ, ಕಲೀಮುಲ್ಲಾ ಅನ್ನೋ ಕಡೀ ಬಹಮನಿ ಸುಲ್ತಾನರ ಗೋರಿ ನೋಡಿದ್ರ ಸಣ್ಣ ಖೋಲಿ ಇದ್ದಂಗ ಅವ. "ಅವ್ವಾ, ಇವರ ಹತ್ರ ರೊಕ್ಕ ಮುಗದಿತ್ತೇನು?" ಅಂತ ಕೇಳಿದ್ಲು. ಹೌದವ್ವ, ಆಗ ರಾಜ್ಯ ಪೂರಾ ಬರೀದಶಾಹಿಯವರ ಕೈಯಾಗ ಹೋಗಿತ್ತು ಅಂದೆ. ಇಸವಿ ಬಾಯಿಪಾಠ ಮಾಡಿಸಿದ್ರ ತಲಿಗಿ ಹತ್ತದ್ದು ಗುಂಬಜ ಸಣ್ಣ ಆಗಿದ್ದು ನೋಡಿ ತಾನೇ ಕಂಡುಹಿಡದಳು.

ಒಂದು ಸಂಕಟದ ಮಾತು ಹೇಳ್ತೀನಿ. ಒಂದು ಗುಂಬಜದ ಗಾರಿ ಮ್ಯಾಲ ಮೊಳಿಲೆ ಕೆತ್ತಿದ ಹೆಸರು, ಹೃದಯದ ಗುರುತು. ನಮ್ಮ ಹಿರಿಯರ ಗೋರಿ ಮ್ಯಾಲ ಯಾರರೇ ಹಿಂಗ ಮಾಡಿದ್ರ ಸುಮ್ ಇರ್ತೀವೇನ್ರಿ? ಕಾಯ್ದೆ ಅದ, ಇಂಥ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ತನಕ ಹೊಸದು ಏನೂ ಕಟ್ಟಂಗಿಲ್ಲ, ಸ್ಮಾರಕ ಕೆಡಿಸೋದೂ ಅದೇ ಕಾಯ್ದೆದಾಗ ಅಪರಾಧನೇ, ಆದ್ರ ಕಿಸೆದಾಗಿನ ಮೊಳಿ ಯಾರು ಹುಡುಕ್ತಾರ. ಸಾಲಿ ಟ್ರಿಪ್ ಒಯ್ಯೋ ಮಾಸ್ತರ್ರು ಗೇಟಿನ್ಯಾಗೇ ಇದನ್ನ ಹೇಳಿ ಒಳಗ ಬಿಡ್ರಿ, ಕೈ ಮುಗದು ಕೇಳ್ತೀನಿ.

ಹೋಗೋರಿಗಿ: ಮುಂಜಾನೆನೇ ಹೋಗ್ರಿ, ಬಾಗಿಲಿಗಿ ಬಿಸಲು ಬೀಳೋ ಹೊತ್ತಿಗಿ, ಮೋಡ ಇದ್ರ ಕನ್ನಡಿ ಕೆಲಸ ಮಾಡಲ್ಲ. ನೀರು, ತಿನ್ನೋದು ಬೀದರದಾಗೇ ತಗೊಂಡು ಹೋಗ್ರಿ. ಗಾಡಿಯವರಿಗಿ ಅಷ್ಟೂರದಾಗ ಎರಡು ತಾಸು ಅಂತ ಮೊದಲೇ ಹೇಳಿ ರೊಕ್ಕ ಮಾತಾಡ್ರಿ. ಗೈಡ್ ಅಲ್ಲಿಗಿ ಹೋದ ಮ್ಯಾಲೇ ಹುಡುಕ್ರಿ, ಕೂತು ಕಾಯೋರಿಗಿ ಗೊತ್ತಿರೋದು ಓಡಾಡಿಸೋರಿಗಿ ಗೊತ್ತಿರಲ್ಲ.

ನಮ್ಮ ಟ್ರಿಪ್ ಗಾಡಿ, ಗೈಡ್ ಕೂಡಿ 5ಕ್ಕ 2. ಜಾಗಕ್ಕ 5ಕ್ಕ 5, ಕನ್ನಡಿ ಹಿಡದ ಹಿರಿಯರಿಗಿ ನಾ ನಂಬರ್ ಕೊಡೋಷ್ಟು ದೊಡ್ಡಾಕಿ ಅಲ್ಲ.

ವಾಪಸ್ ಬರೋವಾಗ ಹುಮನಾಬಾದ ದಾಟಿದ ಮ್ಯಾಲ ಹುಡುಗ ಕೇಳಿದ, ಅಹ್ಮದ್ ಶಾಹನಕಿಂತ ಮೊದಲಿನವರ ಗೋರಿ ಎಲ್ಲವ ಅಂತ. ಅವನ ಅಣ್ಣ ಫಿರೋಜ್ ಶಾಹ ನಮ್ಮ ಕಲಬುರಗಿ ಹಫ್ತ್ ಗುಂಬಜದಾಗೇ ಅದಾನ ಅಂದೆ, ದಿನಾ ಆ ಕಡೆನೇ ಟ್ಯೂಷನ್‌ಗೆ ಹೋಗ್ತಾನ ಈ ಹುಡುಗ. ಬರೋ ಐತಾರ ಮುಂಜಾನೆ ಎಂಟಕ್ಕ ಹೋಗೋದು ಅಂತ ಇಬ್ಬರೂ ಗಾಡಿಯಾಗೇ ಪಕ್ಕಾ ಮಾಡ್ಯಾರ, ಮಗಳು ಮನಿ ಕನ್ನಡಿ ಒಯ್ಯೋಣು ಅಂತಾಳ.